ಮುಂದಿನ ಎರಡು ಚಕ್ರಗಳ ಬಿಡುಗಡೆ

ಬಾಲೊಪಿ ತನ್ನ ಆಯುಷ್ಯದ ಅರ್ಧವನ್ನು ಒಂದು ಗೇಟು ತೆಗೆಯುವುದರಲ್ಲೂ ಉಳಿದರ್ಧವನ್ನು ಅದೇ ಗೇಟು ಮುಚ್ಚುವುದರಲ್ಲೂ ಕಳೆದವನು. ದನಗಳ ರೋಗ ಹರಡದಿರಲೆಂದು ಸರ್ಕಾರ ಹಾಕಿಸಿದ ಉದ್ದನೆಯ ಬೇಲಿ ಮೌನ್ ಪಟ್ಟಣದ ರಸ್ತೆಯನ್ನು ಅಡ್ಡಹಾಯುವ ಜಾಗದಲ್ಲಿ ಒಂದು ಗೇಟು, ಗೇಟಿನ ಪಕ್ಕ ತಗಡಿನ ಕೋಣೆ, ಕೋಣೆಯೊಳಗೆ ಬಾಲೊಪಿ. ಗಾಡಿ ಬಂದು ನಿಲ್ಲುತ್ತಿತ್ತು. ಜನ ಇಳಿದು, ಔಷಧಿ ನೀರಲ್ಲಿ ನೆನೆಸಿದ ಗೋಣಿಯ ಮೇಲೆ ಬೂಟು ಒತ್ತುತ್ತಿದ್ದರು. ಬಾಲೊಪಿ ಕೇಳುತ್ತಿದ್ದ: "ಮಾಂಸ ಇದೆಯಾ?" ಅವರು "ಇಲ್ಲ" ಎನ್ನುತ್ತಿದ್ದರು. ಗೇಟು ತೆರೆಯುತ್ತಿತ್ತು. ಆಮೇಲೆ ಧೂಳು. ಧೂಳು ಕೂರುವ ತನಕ ಬಾಲೊಪಿ ಕೈ ಎತ್ತಿಕೊಂಡೇ ನಿಂತಿರುತ್ತಿದ್ದ. ಯಾರಾದರೂ ತಿರುಗಿ ನೋಡಿದರೆ ಕೈ ಕೆಳಗಿದ್ದೀತು ಎಂಬ ಎಚ್ಚರಿಕೆಯಿಂದ.

ಅವನಿಗೆ ಮದುವೆಯಾಗಲಿಲ್ಲ. ಯಾವ ಹೆಣ್ಣೂ ಅವನನ್ನು ಬೇಡ ಎಂದದ್ದಲ್ಲ. ಬೇಡ ಎನ್ನಬೇಕಾದರೂ ಸ್ವಲ್ಪ ಹೊತ್ತು ನಿಲ್ಲಬೇಕು. ಗೇಟಿನಲ್ಲಿ ಯಾರೂ ಅಷ್ಟು ಹೊತ್ತು ನಿಲ್ಲಲಿಲ್ಲ.

ನಿವೃತ್ತನಾಗಿ ಹುಟ್ಟೂರು ಮೊಕೊಲ್ವಾನೆಗೆ ಬಂದು ಮನೆ ಕಟ್ಟಿದ. ಅಂಗಳದಲ್ಲಿ ಬೆಂಚು ಹಾಕಿಸಿದ. ಬೆಂಚಿನ ಒಂದು ತುದಿಯಲ್ಲಿ ಕೂತು ಇನ್ನೊಂದು ತುದಿಯನ್ನು ಖಾಲಿ ಬಿಟ್ಟು ನೋಡಿದ. ಕೋಳಿಗಳು ಬಂದು ಕೂತವು. ಅಪ್ಪಿತಪ್ಪಿ ಯಾರಾದರೂ ಅಂಗಳಕ್ಕೆ ಬಂದರೆ ಬಾಲೊಪಿ ಗಾಬರಿಯಲ್ಲಿ ನಮಸ್ಕಾರದ ಬದಲು "ಮಾಂಸ ಇದೆಯಾ?" ಎಂದುಬಿಡುತ್ತಿದ್ದ. ಹಾಗೆ ಕೇಳಿಸಿಕೊಂಡವರು ಎರಡನೇ ಸಲ ಬರುತ್ತಿರಲಿಲ್ಲ.

ಪಕ್ಕದ ಮನೆಯ ತ್ಲಾದಿ ಒಂದು ದಿನ ಬೇಲಿಯಾಚೆಯಿಂದ ಹೇಳಿದ: "ಮನುಷ್ಯನಿಗೆ ಜನ ಬೇಕು ಅಂದ್ರೆ ಗಾಡಿ ಇರ್ಬೇಕಪ್ಪಾ. ನನ್ನ ಕತ್ತೆಗಾಡಿ ನೋಡು. ನನ್ನ ಕಂಡ್ರೆ ಒಬ್ರಿಗೂ ಆಗಲ್ಲ, ಆದ್ರೂ ಬೆಳಗಾಗೋದ್ರೊಳಗೆ ಬಾಗಿಲಲ್ಲಿ ನಾಲ್ಕು ಜನ."

ತ್ಲಾದಿ ಇದನ್ನು ತಮಾಷೆಗೆ ಹೇಳಿದ್ದ. ಆದರೆ ಬಾಲೊಪಿ ತಮಾಷೆಯನ್ನು ತಮಾಷೆಯೆಂದು ಬಿಡುವವನಲ್ಲ. ಸರ್ಕಾರ ಹಳೆಯ ಗಾಡಿಗಳನ್ನು ಹರಾಜು ಹಾಕಿದಾಗ ಹೋಗಿ, ಪೆಟ್ಟಿಗೆಯಂಥ ದೊಡ್ಡದೊಂದನ್ನು ಕೊಂಡು ತಂದ. ನಾಲ್ಕೂ ಚಕ್ರ ಸದಾಕಾಲ ಎಳೆಯುವ ಗಾಡಿ. ಎಂಥ ಮರಳಿನಲ್ಲೂ ಹೂತುಕೊಳ್ಳದು.

ಜನ ಬಂದರು. ಹೇಗೆ ಬಂದರೆಂದರೆ, ಆ ಬೆಂಚು ಸಾಲದಾಯಿತು. ನೀರಿನ ಡ್ರಮ್ಮುಗಳು, ಸೌದೆ, ಸಾವಿನ ಮನೆಗೆ ಹೋಗುವ ಹೆಂಗಸರು, ದನದ ಹಟ್ಟಿಗೆ ಹೋಗುವ ಗಂಡಸರು, ದಾರಿಯುದ್ದಕ್ಕೂ ಗುಮ್ಮುವ ಒಂದು ಟಗರು. ಎಲ್ಲರೂ ಹಿಂದೆ ಕೂತು ಹಾಡುತ್ತಿದ್ದರು. ಬಾಲೊಪಿ ಮುಂದೆ ಕೂತು ಕೇಳುತ್ತಿದ್ದ. ಊರು ಬಂದೊಡನೆ ಗಾಡಿಯ ಮೈಗೆ ಎರಡು ಬಡಿತ ಕೊಟ್ಟು ಇಳಿದು ಹೋಗುತ್ತಿದ್ದರು. ಆಮೇಲೆ ಧೂಳು. ಹಳೆಯ ಅಭ್ಯಾಸದಂತೆ ಬಾಲೊಪಿ ಕೈ ಎತ್ತುತ್ತಿದ್ದ.

ಇಷ್ಟಾದರೂ ಅವನಿಗೆ ಅದೊಂದು ಸಂಭ್ರಮವೇ. ಒಂದೇ ಚಿಂತೆ ಎಂದರೆ ಗಾಡಿ ಡೀಸೆಲ್ ಕುಡಿಯುವ ರೀತಿ. ಡೀಸೆಲ್ ಮುಗಿದ ದಿನ ಜನರೂ ಮುಗಿಯುತ್ತಾರೆ ಎಂಬ ಭಯ ಅವನ ಎದೆಯಲ್ಲಿ ಇಲಿಯಂತೆ ಓಡಾಡತೊಡಗಿತು.

ಮೌನ್ ಪಟ್ಟಣದ ಮೆಕ್ಯಾನಿಕ್ ಕಿತ್ಸೊ ಇದಕ್ಕೊಂದು ಪರಿಹಾರ ಹೇಳಿದ.

"ಮುಂದಿನ ಚಕ್ರಗಳಿಗೆ ಫ್ರೀವೀಲ್ ಹಬ್ ಹಾಕಿಸು. ಸೈಕಲ್ಲಲ್ಲಿ ಪೆಡಲ್ ಬಿಟ್ರೂ ಚಕ್ರ ತಾನೇ ಓಡತ್ತಲ್ಲ, ಹಾಗೆ. ಗಟ್ಟಿ ರಸ್ತೇಲಿ ಮುಂದಿನೆರಡು ಚಕ್ರ ಸುಮ್ನೆ ಉರುಳ್ಕೊಂಡು ಬರ್ತವೆ. ಹಿಂದಿನವು ಮಾತ್ರ ದುಡೀತವೆ. ಡೀಸೆಲ್ ಉಳಿಯತ್ತೆ."

"ಏನೂ ತೊಂದರೆ ಇಲ್ವಾ?"

"ನೋಡು, ಈ ಗಾಡಿ ಹೊಟ್ಟೇಲಿ ಒಬ್ಬ ಪಾಲು ಹಂಚೋನು ಕೂತಿದ್ದಾನೆ ಅಂತ ತಿಳ್ಕೊ. ಎಂಜಿನ್ ಕೊಟ್ಟ ಬಲಾನ ಮುಂದಕ್ಕೂ ಹಿಂದಕ್ಕೂ ಹಂಚೋನು ಅವನೇ. ಆದ್ರೆ ಶುದ್ಧ ಸೋಮಾರಿ. ಯಾವ ಕಡೆ ಕೆಲಸ ಹಗುರವೋ ಎಲ್ಲಾನೂ ಅತ್ಲಾಗೇ ಸುರೀತಾನೆ. ಮುಂದಿನ ಚಕ್ರ ಫ್ರೀ ಬಿಟ್ರೆ ಹಗುರ ಯಾವ ಕಡೆ? ಮುಂದೆ. ಬಲವೆಲ್ಲ ಅಲ್ಲೇ ಗಿರಗಿರ ಸುತ್ತತ್ತೆ. ಎಂಜಿನ್ ಕೂಗತ್ತೆ, ಗಾಡಿ ನಿಂತಲ್ಲೇ ನಿಂತಿರತ್ತೆ."

ಬಾಲೊಪಿಯ ಮುಖ ಸುಟ್ಟ ಬದನೆಕಾಯಿಯಂತಾಯಿತು.

"ಹೆದರ್ಬೇಡ. ಗೇರಿನ ಪಕ್ಕದ ಈ ಕುಳ್ಳ ಹಿಡಿಕೆ ಇದೆಯಲ್ಲ, ಇದನ್ನ ಎಡಕ್ಕೆ ಎಳೆದಿಟ್ರೆ ಅವನ ಕೈ ಕಟ್ಟಿದ ಹಾಗೆ. ಆಗ ಬಲ ಹಿಂದಕ್ಕೂ ಬರ್ಲೇಬೇಕು. ಎಡಕ್ಕೇ ಇರ್ಲಿ. ಇನ್ನು ಮರಳು ಬಂದ್ರೆ, ಇಳಿದು ಚಕ್ರದ ನಡುವಿನ ಈ ಬಿರಡೆ ತಿರುಗಿಸು. ಚಕ್ರ ಮತ್ತೆ ಕಚ್ಕೊಳ್ಳತ್ತೆ, ಗಾಡಿ ಮೊದಲಿನ ಥರಾನೇ. ಆಗ ಹಿಡಿಕೆ ಎಲ್ಲಿದ್ರೂ ಚಿಂತೆಯಿಲ್ಲ."

ಬಿರಡೆಯ ಮಾತನ್ನೂ ಕಿತ್ಸೊ ಸ್ಪಷ್ಟವಾಗಿಯೇ ಹೇಳಿದ್ದ. ಆದರೆ ಅಷ್ಟು ಹೊತ್ತಿಗೆ ಬಾಲೊಪಿಯ ತಲೆಯ ತುಂಬ ಹಿಡಿಕೆ ತುಂಬಿಕೊಂಡು ಬೇರೆ ಯಾವುದಕ್ಕೂ ಜಾಗವಿರಲಿಲ್ಲ. "ಎಡಕ್ಕೆ, ಎಡಕ್ಕೆ" ಎಂದು ಜಪಿಸುತ್ತ ಊರಿಗೆ ಬಂದ. ಆಗಷ್ಟೇ ಸಮ ಮಾಡಿದ್ದ ಮಣ್ಣುರಸ್ತೆ, ಗಾಡಿ ಹಾಯಾಗಿ ಓಡಿತು.

ಊರಿನವರು ಹೊಳೆಯುವ ಹಬ್ಬುಗಳನ್ನು ನೋಡಲು ಬಂದರು. ಬಾಲೊಪಿ ಜೀವಮಾನದಲ್ಲಿ ಮೊದಲ ಬಾರಿಗೆ ಭಾಷಣ ಮಾಡಿದ. "ಇನ್ನು ಮುಂದೆ ಮುಂದಿನ ಚಕ್ರಗಳು ಸ್ವತಂತ್ರ" ಎಂದ.

ತ್ಲಾದಿ ತನ್ನ ಕತ್ತೆಗಳ ಕಡೆ ತಿರುಗಿದ. "ಕೇಳಿಸ್ಕೊಂಡ್ರೇನ್ರೋ? ನಿಮ್ಮ ಮುಂಗಾಲನ್ನೂ ಫ್ರೀ ಮಾಡಿಸ್ಕೊಂಡು ಬರ್ಲಾ? ಹಿಂಗಾಲಲ್ಲಿ ದುಡೀರಿ, ಮುಂಗಾಲಲ್ಲಿ ಆರಾಮಾಗಿರಿ. ಹುಲ್ಲು ಉಳಿಯತ್ತೆ."

"ದುಡ್ಡು ಕೊಟ್ಟು ಅರ್ಧ ಗಾಡೀನ ಕೆಲಸದಿಂದ ಬಿಡಿಸಿದ್ದಾನಲ್ಲ!" ಎಂದಳು ಒಬ್ಬಳು. "ಸರ್ಕಾರಿ ನೌಕರಿ ಮಾಡ್ದೋನಲ್ವಾ, ರಜಾ ಕೊಡೋದು ರೂಢಿ" ಎಂದಳು ಇನ್ನೊಬ್ಬಳು. ಜನ ನಕ್ಕರು. ಬಾಲೊಪಿಯೂ ನಕ್ಕ. ಅಂಗಳದಲ್ಲಿ ಅಷ್ಟು ಜನ ಒಟ್ಟಿಗೆ ನಗುತ್ತಿರುವಾಗ, ಅದು ಯಾರ ಮೇಲಿನ ನಗು ಎಂದು ವಿಚಾರಿಸುವಷ್ಟು ದುರಾಸೆ ಅವನಿಗಿರಲಿಲ್ಲ.

ನಗು ಮುಗಿದ ಮೇಲೆ ತ್ಲಾದಿ ಬೇಲಿ ದಾಟಿ ಬಂದ. ಗಣಿಯಲ್ಲಿ ಕೆಲಸ ಮಾಡುವ ಅವನ ಅಕ್ಕನ ಮಗನಿಗೆ ದಿತವಾನೆ ಊರಿನ ಹುಡುಗಿಯನ್ನು ಕೇಳಲು ಶನಿವಾರ ಹಿರಿಯರು ಹೋಗಬೇಕಿತ್ತು. ಸೂರ್ಯ ಹುಟ್ಟುವ ಮೊದಲು ಹೆಣ್ಣಿನ ಮನೆಯ ಬಾಗಿಲಲ್ಲಿರಬೇಕು. ಕತ್ತೆಗಾಡಿಯಲ್ಲಿ ಹೋದರೆ ಮರುದಿನದ ಸೂರ್ಯನನ್ನು ಹಿಡಿಯಬಹುದು ಅಷ್ಟೆ.

"ನಾನು ಬರ್ತೀನಿ" ಎಂದ ಬಾಲೊಪಿ, ಕೇಳುವ ಮೊದಲೇ.

ಶನಿವಾರ ಅವನು ಕೋಟು ಹಾಕಿಕೊಂಡು, ಬೂಟಿಗೆ ಎಣ್ಣೆ ಹಚ್ಚಿಕೊಂಡು ಸಿದ್ಧನಾದ. ಕಂಬಳಿ ಹೊದ್ದ ಹೆಂಗಸರು ಹಿಂದೆ ಹತ್ತಿದರು; ತ್ಲಾದಿಯ ದೊಡ್ಡಪ್ಪನ ಮಗಳು ಕೆಲೆಬೊನ್ಯೆ ಅವರಲ್ಲೊಬ್ಬಳು. ಗಂಡ ಹೋಗಿ ಬಹಳ ವರ್ಷವಾದ, ಆಸ್ಪತ್ರೆಯ ಮುಂದೆ ಕರಿದ ಹಿಟ್ಟಿನ ಉಂಡೆ ಮಾರುವ, ಮಾತು ಕಡಿಮೆಯ ಹೆಂಗಸು. ಮುಂದಿನ ಸೀಟಿನಲ್ಲಿ ಕೂತವರು ಸೆಲೆಲೊ ಮಾವ. ತಂಡದ ಪರವಾಗಿ ಮಾತಾಡುವವರು ಅವರೇ. ಸೂಟಿನ ಮೇಲೆ, ಮನುಷ್ಯನಿಗಿಂತ ಭಾರದ ಹಳೆಯ ಸೈನ್ಯದ ಉದ್ದಂಗಿ. ಗಾಡಿ ಹೊರಟೊಡನೆ ಅವರು ಕುಳ್ಳ ಹಿಡಿಕೆಯನ್ನು ಊರುಗೋಲಿನಂತೆ ಹಿಡಿದು ತಮ್ಮ ಕಡೆಗೆ, ಅಂದರೆ ಎಡಕ್ಕೇ, ಎಳೆದುಕೊಂಡರು.

"ಮಾವ, ಅದನ್ನ ಮಾತ್ರ ಮುಟ್ಬೇಡಿ" ಎಂದ ಬಾಲೊಪಿ.

"ಮತ್ತೇನನ್ನ ಹಿಡ್ಕೊಳ್ಲಿ, ನಿನ್ನ ಮೂಗನ್ನಾ? ಗಾಡಿ ಹೀಗೆ ಎತ್ತಿಹಾಕ್ತಿದ್ರೆ ಮುದುಕ ಏನನ್ನಾದ್ರೂ ಹಿಡೀಬೇಕಲ್ಲ. ನೀನು ರಸ್ತೆ ನೋಡು."

ದಾರಿಯುದ್ದಕ್ಕೂ ಅವರು ಅದನ್ನು ಬಿಡಲಿಲ್ಲ. ಗಾಡಿ ನೇರವಾಗಿ ಓಡಿತು.

ದಿತವಾನೆ ತಲುಪಿದಾಗ ಮೂಡಲು ಆಗಷ್ಟೇ ಬೂದಿ ಬಣ್ಣ. ಬಾಲೊಪಿ ಕೋಟಿನ ಗುಂಡಿ ಹಾಕಿಕೊಂಡು ಇಳಿಯಹೋದಾಗ ತ್ಲಾದಿ ಅವನ ಭುಜದ ಮೇಲೆ ಕೈಯಿಟ್ಟ.

"ನೀನಿಲ್ಲೇ ಇರು ಮಾರಾಯ. ಮದುವೆ ಆದೋರು ಮಾತ್ರ ಒಳಗೆ. ಗೊತ್ತಲ್ಲ."

ಗೊತ್ತಿತ್ತು. ಆದರೂ ಕೋಟು ಹಾಕಿಕೊಂಡು ಬಂದಿದ್ದ. ಯಾವ ಕೋಟಿಗೂ ಆಸೆ ಇರಬಾರದೆಂಬ ಕಟ್ಟಳೆ ಇಲ್ಲವಲ್ಲ.

ಸೆಲೆಲೊ ಮಾವ ಉದ್ದಂಗಿ ಕಳಚಿ, ನಡುವಿನ ಸೀಟಿಗೆ ಎಸೆದು, ಸೂಟಿನಲ್ಲಿ ಗಂಭೀರವಾಗಿ ಇಳಿದರು. ಉದ್ದಂಗಿ ಧೊಪ್ಪನೆ ಬಿತ್ತು. ಬಿದ್ದ ರಭಸಕ್ಕೆ ಕುಳ್ಳ ಹಿಡಿಕೆ ಬಲಕ್ಕೆ ಸರಿದು ಅದರಡಿ ಅಡಗಿಹೋಯಿತು. ಇದನ್ನು ಕಂಡವರು ಯಾರೂ ಇಲ್ಲ.

ಕಡ್ಡಿಬೇಲಿಯ ಅಂಗಳದಲ್ಲಿ ಮಾತುಕತೆ ಶುರುವಾಯಿತು. ಬಾಲೊಪಿ ಗಾಡಿಯಲ್ಲಿ ಕೂತು ಕೈ ಉಜ್ಜಿಕೊಳ್ಳುತ್ತಿದ್ದಾಗ ಆ ಮನೆಯ ಹೆಂಗಸೊಬ್ಬಳು ಬಂದಳು. "ಅಣ್ಣ, ಗಾಡಿ ಸ್ವಲ್ಪ ತೆಗೀತೀರಾ? ಆಡಿನ ದೊಡ್ಡಿ ಬಾಗಿಲಿಗೇ ನಿಲ್ಸಿದ್ದೀರಿ. ಆಡು ಬಿಡ್ಬೇಕು."

ಬಾಲೊಪಿಗೆ ಸಿಡಿಲು ಬಡಿದಂತಾಯಿತು. ತಾನು, ಜೀವಮಾನವಿಡೀ ಗೇಟು ಕಾದವನು, ಇನ್ನೊಬ್ಬರ ಗೇಟಿಗೆ ಅಡ್ಡವಾಗಿ ನಿಂತಿದ್ದಾನೆ! ತಕ್ಷಣ ಎಂಜಿನ್ ಚಾಲೂ ಮಾಡಿ, ಗೇರು ಹಾಕಿ, ಕ್ಲಚ್ಚು ಬಿಟ್ಟ. ಎಂಜಿನ್ ಗುರ್ರೆಂದಿತು. ಗಾಡಿ ಕದಲಲಿಲ್ಲ. ಇನ್ನಷ್ಟು ಒತ್ತಿದ. ಎಂಜಿನ್ ಸಿಂಹದಂತೆ ಘರ್ಜಿಸಿತು. ಗಾಡಿ ದನದಂತೆ ನಿಂತಿತ್ತು.

ಒಳಗೆ ಆಗ ಮಾತು ಸೂಕ್ಷ್ಮವಾದ ಘಟ್ಟಕ್ಕೆ ಬಂದಿತ್ತು. ಸೆಲೆಲೊ ಮಾವ ಪದ್ಧತಿಯಂತೆ, ಹುಡುಗಿಯ ಹೆಸರೆತ್ತದೆ, "ನಾವು ನೀರು ತರೋ ಸೋರೆಬುರುಡೆ ಕೇಳೋಕೆ ಬಂದೋರು" ಎಂದಿದ್ದರು. ಹುಡುಗಿಯ ದೊಡ್ಡ ಮಾವ ಲೆಕೋಕೊ ಪದ್ಧತಿಯಂತೆ ಏನೂ ಅರ್ಥವಾಗದವರ ಹಾಗೆ ಮುಖ ಮಾಡಿ, "ಸೋರೆಬುರುಡೆಯಾ? ನಮ್ಮನೇಲಿ ಹತ್ತಾರಿವೆ. ಕೆಲವು ಸೋರ್ತವೆ. ಯಾವ್ದು ಬೇಕೋ ಯೋಚ್ನೆ ಮಾಡ್ಬೇಕು, ಮುಂದಿನ ತಿಂಗಳು ಬನ್ನಿ" ಎನ್ನುತ್ತಿದ್ದರು. ಇದನ್ನು ಸರಿಯಾದ ಮನೆತನದವರು ಮೂರು ಸಲವಾದರೂ ಹೇಳಬೇಕು.

ಹೊರಗೆ ಘರ್ಜನೆ.

"ಅದೇನು?" ಎಂದರು ಲೆಕೋಕೊ.

ಸೆಲೆಲೊ ಮಾವನಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಮನುಷ್ಯ ಅವರಲ್ಲ. "ನಮ್ಮ ಗಾಡಿ" ಎಂದರು ಶಾಂತವಾಗಿ. "ಮುಂದಿನ ತಿಂಗಳು ಅಂದ್ರಲ್ಲ, ಕೇಳಿಸಿರ್ಬೇಕು. ದಾರೀಲಿ ಬೇರೆ ಊರುಗಳೂ ಇವೆ. ಅಲ್ಲೂ ಸೋರೆಬುರುಡೆ ಬೆಳೀತವೆ."

ಮತ್ತೊಂದು ಘರ್ಜನೆ, ಮೊದಲಿನದಕ್ಕಿಂತ ಸಿಟ್ಟಿನದು. ಹುಡುಗಿಯ ಅಜ್ಜಿ ಲೆಕೋಕೊನ ತೋಳು ಚಿವುಟಿದಳು. "ನಿನ್ನ ಸೋರೋ ಬುರುಡೆ ಮನೆ ಹಾಳಾಗ! ಹೊರಟೇಹೋಗ್ತಿದ್ದಾರೆ! ಕೊಟ್ವಿ ಅನ್ನು!"

"ಕೊಟ್ವಿ!" ಎಂದರು ಲೆಕೋಕೊ.

ದಿತವಾನೆಯ ಚರಿತ್ರೆಯಲ್ಲಿ ಅಷ್ಟು ಬೇಗ ಯಾವ ಹೆಣ್ಣನ್ನೂ ಕೊಟ್ಟಿರಲಿಲ್ಲವೆಂದು ಹೇಳುತ್ತಾರೆ. ಹೂಂ ಅನ್ನಿಸಿಕೊಂಡವರು ಅಲ್ಲಿ ತಡಮಾಡಬಾರದು. ತಡಮಾಡಿದರೆ ಉಹೂಂಗಾಗಿ ಕಾದಂತೆ. ತಂಡದವರು ಗೆದ್ದ ಸೈನ್ಯದಂತೆ ಹೊರಬಂದು ಗಾಡಿ ಹತ್ತಿದರು. ಸೆಲೆಲೊ ಮಾವ ಉದ್ದಂಗಿಯ ಮೇಲೆ ಮೊಣಕೈಯೂರಿ ಕೂತು, "ಭಲೆ ಕಣೋ! ಸರಿಯಾದ ಸಮಯಕ್ಕೆ ಕೂಗಿಸ್ದೆ. ಈಗ ನಡಿ" ಎಂದರು.

"ಮಾವ, ಗಾಡಿ..."

"ನಡಿ ಅಂದೆ. ನೋಡ್ತಿದ್ದಾರೆ."

ಬಾಲೊಪಿ ಒತ್ತಿದ. ಘರ್ಜನೆ. ಹೆಣ್ಣಿನ ಕಡೆಯವರೆಲ್ಲ ಕೈಯೆತ್ತಿ ಬೀಳ್ಕೊಟ್ಟರು. ಗಾಡಿ ಹೋಗಲಿಲ್ಲ. ಕೈಗಳು ಮೇಲೆಯೇ ನಿಂತವು.

"ಏನಾದ್ರೂ ಮರೆತ್ರಾ?" ಎಂದರು ಲೆಕೋಕೊ ಕಿಟಕಿಗೆ ಬಂದು.

"ಏನಿಲ್ಲ. ಎಂಜಿನ್ ಬೆಚ್ಚಗಾಗ್ಲಿ ಅಂತ" ಎಂದರು ಸೆಲೆಲೊ ಮಾವ, ಬೆವರು ಒರೆಸಿಕೊಳ್ಳುತ್ತ.

ಮತ್ತೆ ಘರ್ಜನೆ. ಅಜ್ಜಿ ಪಿಸುಗುಟ್ಟಿದಳು: "ಇವರಿಗೆ ಸಮಾಧಾನ ಆಗಿಲ್ಲ. ಬಂದೋರನ್ನ ಬರೀ ಕೈಯಲ್ಲಿ ಕಳಿಸ್ತಿದ್ದೀಯ." ಎರಡು ಕೋಳಿ ಬಂದವು. ಗಾಡಿ ಕೋಳಿಗಳನ್ನು ಸ್ವೀಕರಿಸಿ ಇನ್ನೂ ಜೋರಾಗಿ ಕೂಗಿತು. ದೊಡ್ಡಿಯಿಂದ ಒಂದು ಆಡನ್ನು ಬೇಲಿಯ ಮೇಲಿಂದ ಎತ್ತಿ ತಂದರು, ಬಾಗಿಲಿಗೆ ಗಾಡಿ ಅಡ್ಡವಿತ್ತಲ್ಲ. ಆಡು ಹಿಂದೆ ಹತ್ತಿತು. ಎಂಜಿನ್ ಕೂಗಿತು. ತಗಡಿನ ಡಬ್ಬಿಯ ತುಂಬ ಬೇಯಿಸಿ ಕುಟ್ಟಿದ ಮಾಂಸ ಬಂತು. ಕೆಲೆಬೊನ್ಯೆ ಅದನ್ನು ಮಡಿಲಲ್ಲಿಟ್ಟುಕೊಂಡಳು. ಎಂಜಿನ್ ಕೂಗಿತು.

ಲೆಕೋಕೊನ ತಾಳ್ಮೆ ಮುಗಿಯಿತು. "ಇನ್ನೇನ್ರೀ ಬೇಕು ನಿಮಗೆ? ನನ್ನ ಪ್ಯಾಂಟೂ ಬಿಚ್ಚಿಕೊಡ್ಲಾ? ಹೆಣ್ಣು ಕೊಟ್ವಿ, ಕೋಳಿ ಕೊಟ್ವಿ, ಆಡು ಕೊಟ್ವಿ! ನಮ್ಮ ಬಾಗಿಲಲ್ಲೇ ನಿಂತು ನಮ್ಮ ಮೇಲೇ ಗುರ್ ಅಂತೀರಲ್ಲ!"

ಆಗ ಬಾಲೊಪಿಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, ಅಪರಾಧಿಯ ದನಿಯಲ್ಲಿ, "ಅಯ್ಯಾ, ಗಾಡಿ ಹೋಗ್ತಿಲ್ಲ" ಎಂದ.

ಲೆಕೋಕೊ ಬಗ್ಗಿ ಚಕ್ರಗಳನ್ನು ನೋಡಿದರು.

"ಹೋಗ್ತಿಲ್ಲ?" ಎಂದರು ಲೆಕೋಕೊ. "ಹಾಗಾದ್ರೆ ಆಗ ಒಳಗೆ ಕೇಳಿದ್ದು? ಬೇರೆ ಊರಿನ ಸೋರೆಬುರುಡೆ?"

ಎಲ್ಲರ ಕಣ್ಣೂ ಸೆಲೆಲೊ ಮಾವನ ಮೇಲೆ. ಅವರು ಎರಡು ಸಲ ಕೆಮ್ಮಿದರು. ಆಮೇಲೆ, ಕುತ್ತಿಗೆಯನ್ನು ನಿಧಾನವಾಗಿ ಬಾಲೊಪಿಯಿಂದ ಆಚೆ ತಿರುಗಿಸಿಕೊಂಡು ಹೇಳಿದರು:

"ಇವನು ನಮ್ಮೋನಲ್ಲ. ಬರೀ ಡ್ರೈವರು."

ಅಂಗಳ ನಕ್ಕಿತು. ಲೆಕೋಕೊ ನಕ್ಕರು, ಅಜ್ಜಿ ಸೊಂಟ ಹಿಡಿದುಕೊಂಡು ನಕ್ಕಳು, ತ್ಲಾದಿ ಎಲ್ಲರಿಗಿಂತ ಜೋರಾಗಿ ನಕ್ಕ. ಮಾತು ಉಳಿಯಿತು, ಸಂಬಂಧ ಉಳಿಯಿತು. ಲೆಕೋಕೊ ತಮ್ಮ ಪಿಕಪ್ ಹೊರತಂದು, "ಬನ್ನಿ, ಬೀಗರೇ, ನಾನೇ ಬಿಟ್ಟುಬರ್ತೀನಿ" ಎಂದರು. ಜನ, ಕೋಳಿ, ಆಡು, ಎಲ್ಲ ಅದರೊಳಗೆ ವರ್ಗವಾಯಿತು. ಸೆಲೆಲೊ ಮಾವ ಕೊನೆಯಲ್ಲಿ ತಿರುಗಿ ಬಂದರು. ಬಾಲೊಪಿ ಪಕ್ಕದ ಸೀಟಿನ ಧೂಳು ಒರೆಸಿದ. ಅವರು ಕಿಟಕಿಯೊಳಗೆ ಕೈಹಾಕಿ ಉದ್ದಂಗಿ ಎಳೆದುಕೊಂಡು ಹೋದರು.

ಆಮೇಲೆ ಧೂಳು. ಬಾಲೊಪಿ ಕೈ ಎತ್ತಿದ. ಗಾಡಿಯೊಳಗಿನಿಂದ ಎತ್ತಿದ್ದರಿಂದ ಅದು ಚಾವಣಿಗೆ ಬಡಿಯಿತು.

ಸ್ವಲ್ಪ ಹೊತ್ತಿಗೆ ಆ ಮನೆಯ ಹೆಂಗಸು ಮತ್ತೆ ಬಂದಳು. "ಅಣ್ಣ, ಆಡು..."

ಬಾಲೊಪಿ ತಲೆ ತಗ್ಗಿಸಿದ. ತಗ್ಗಿಸಿದ್ದರಿಂದಲೇ ಕುಳ್ಳ ಹಿಡಿಕೆ ಕಣ್ಣಿಗೆ ಬಿತ್ತು. ಉದ್ದಂಗಿ ಹೋದ ಮೇಲೆ ಅದು ಬಲಕ್ಕೆ ವಾಲಿಕೊಂಡು, ಹಲ್ಲು ಕಿರಿಯುವಂತೆ ನಿಂತಿತ್ತು. ಎಡಕ್ಕೆ ಎಳೆದ. ಗೇರು ಹಾಕಿದ. ಗಾಡಿ ಏನೂ ನಡೆದೇ ಇಲ್ಲವೆಂಬಂತೆ ಹೊರಟಿತು.

"ಹೋಗ್ತಿದೆ! ಗಾಡಿ ಹೋಗ್ತಿದೆ!" ಎಂದು ಅವನು ಕೂಗಿದ. ಕೇಳಲು ಇದ್ದವು ಆಡುಗಳು ಮಾತ್ರ. ಅವೂ ತಮ್ಮ ದಾರಿ ಹಿಡಿದವು.

ಊರಾಚೆಯ ಮೊದಲ ಹಳ್ಳಕ್ಕೆ ಗಾಡಿ ಎಗರಿದಾಗ ಹಿಡಿಕೆ ಟಕ್ಕೆಂದು ಬಲಕ್ಕೆ ಹಾರಿತು, ಘರ್ಜನೆ, ಗಾಡಿ ನಿಂತಿತು. ಎಡಕ್ಕೆ ಎಳೆದ. ಮುಂದಿನ ಹಳ್ಳದಲ್ಲಿ ಮತ್ತೆ ಹಾಗೆಯೇ. ಹಳೆಯ ಗಾಡಿ, ಒಳಗಿನ ಕೊಂಡಿ ಸವೆದಿತ್ತು. ಬರುವಾಗ ಒಬ್ಬ ಮುದುಕ ತನಗೇ ತಿಳಿಯದೆ ಅದನ್ನು ಹಿಡಿದು ತಂದಿದ್ದ. ಈಗ ಬಾಲೊಪಿ ಎಡಗೈಯಲ್ಲಿ ಹಿಡಿಕೆ ಹಿಡಿದ. ಆದರೆ ಗೇರು ಬದಲಿಸಬೇಕಾದದ್ದೂ ಅದೇ ಎಡಗೈ. ಹಿಡಿಕೆ ಬಿಟ್ಟರೆ ಗಾಡಿ ನಿಲ್ಲುತ್ತದೆ. ಹಿಡಿದರೆ ಗೇರು ಬದಲಾಗದು. ಹೀಗೆ ಎರಡನೇ ಗೇರಿನಲ್ಲಿಯೇ, ಶವಯಾತ್ರೆಯ ವೇಗದಲ್ಲಿ, ಅವನು ಒಬ್ಬನೇ ಊರ ಕಡೆ ಹೊರಟ. ಒಬ್ಬ ಮನುಷ್ಯ ಸಾಲದ ಗಾಡಿ ಅದು ಎಂದು ಅವನಿಗೆ ಹೊಳೆದದ್ದು ಆಗ.

ಅರ್ಧ ದಾರಿಯಲ್ಲಿ ಮುಳ್ಳುಮರದ ಕೆಳಗೆ ಕಂಬಳಿ ಹೊದ್ದು ಯಾರೋ ಕೂತಿದ್ದರು. ಮಡಿಲಲ್ಲಿ ತಗಡಿನ ಡಬ್ಬಿ.

"ಮ್ಮಾ ಕೆಲೆಬೊನ್ಯೆ! ನೀವಿಲ್ಲಿ?" ಎಂದ ಬಾಲೊಪಿ, ಊರಿನ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ.

"ಪಿಕಪ್ಪಲ್ಲಿ ಆಡಿಗೆ ಜಾಗ ಸಾಲ್ಲಿಲ್ಲ. ಅದು ಹೊಸ ನೆಂಟರು ಕೊಟ್ಟಿದ್ದು, ಮರ್ಯಾದೆ ಕೊಡ್ಬೇಕಲ್ಲ. ನಾನು ಇಳಿದೆ." ಅವಳು ಹತ್ತಿ ಕೂತಳು. "ಏನಾಗಿತ್ತು ಗಾಡಿಗೆ?"

ಬಾಲೊಪಿ ಹೇಳಿದ. ಪಾಲು ಹಂಚುವ ಸೋಮಾರಿ, ಎಡ, ಬಲ, ಉದ್ದಂಗಿ, ಎಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ತನ್ನ ಮಾತು ಕೊನೆಯವರೆಗೆ ಹೋಗಿ ಮುಟ್ಟಿದ್ದು ಕಂಡು ಬಾಲೊಪಿಗೆ ಮುಂದೇನು ಹೇಳಬೇಕೆಂದೇ ತಿಳಿಯಲಿಲ್ಲ.

"ಹಾಗಾದ್ರೆ ಇದನ್ನ ಯಾರಾದ್ರೂ ಹಿಡ್ಕೊಂಡಿದ್ರೆ ಆಯ್ತಲ್ಲ" ಎಂದು ಅವಳು ಹಿಡಿಕೆಯನ್ನು ತನ್ನ ಕಡೆಗೆ ಎಳೆದು ಹಿಡಿದಳು. "ಹಗ್ಗ ಕಟ್ಟಿದ್ರೆ ಆಗಲ್ವಾ?"

"ಹಗ್ಗಕ್ಕೆ... ಹಳ್ಳ ಯಾವಾಗ ಬರತ್ತೆ ಅಂತ ಹಗ್ಗಕ್ಕೆ ಗೊತ್ತಾಗಲ್ಲ."

"ಅದೂ ನಿಜ."

ಚಕ್ರದ ಬಿರಡೆಯ ಬಗ್ಗೆ ಕಿತ್ಸೊ ಏನೋ ಹೇಳಿದ್ದನೆಂಬ ನೆನಪು ಆಗ ಬಾಲೊಪಿಯ ತಲೆಯ ಬಾಗಿಲು ತಟ್ಟಿತು. ಗೇಟು ತೆರೆಯುವುದರಲ್ಲಿ ಅಷ್ಟು ಅನುಭವವಿದ್ದವನು ಈ ಒಂದನ್ನು ತೆರೆಯಲಿಲ್ಲ. ಗಾಡಿ ಮೂರನೇ ಗೇರಿಗೆ ಬಿತ್ತು, ನಾಲ್ಕನೆಯದಕ್ಕೂ. ಪಕ್ಕದಲ್ಲಿ ಮನುಷ್ಯರಿದ್ದಾರೆ, ಮಾತಾಡಬೇಕು. ಏನು ಮಾತಾಡುವುದು? ಗಾಬರಿಯಲ್ಲಿ ಅವನ ಬಾಯಿಂದ ಬಂದದ್ದು ಬರಬಾರದ್ದೇ.

"ಮಾಂಸ ಇದೆಯಾ?"

ನಾಲಿಗೆ ಕಚ್ಚಿಕೊಂಡ. ಕೆಲೆಬೊನ್ಯೆ ಡಬ್ಬಿಯ ಮುಚ್ಚಳ ತೆರೆದಳು.

"ಇದೆ. ತಿಂತೀಯಾ?"

ಅಷ್ಟು ವರ್ಷ ಕೇಳಿದ ಪ್ರಶ್ನೆಗೆ ಹೀಗೊಂದು ಉತ್ತರವೂ ಇರಬಹುದೆಂದು ಬಾಲೊಪಿಗೆ ಯಾರೂ ತಿಳಿಸಿರಲಿಲ್ಲ. ಗಾಡಿ ನಿಲ್ಲಿಸಿ ತಿಂದ. ಕಣ್ಣಲ್ಲಿ ನೀರು ಬಂತು. ಉಪ್ಪು ಹೆಚ್ಚಾಗಿದೆ ಎಂದ. ಅವಳು ರುಚಿ ನೋಡಿ, ಉಪ್ಪೇ ಇಲ್ಲ ಎಂದಳು.

ಮೊಕೊಲ್ವಾನೆಯಲ್ಲಿ ಆ ಗಾಡಿಗೆ "ಬೀಗರ ಗಾಡಿ" ಎಂಬ ಹೆಸರು ಬಿತ್ತು. ನಿಂತಲ್ಲೇ ಕೂಗಿ ಆಡು ವಸೂಲು ಮಾಡುವ ಗಾಡಿಯೆಂದು ದೂರದವರೂ ನೋಡಲು ಬಂದರು. ನೋಡಿದರು, ಹತ್ತಲಿಲ್ಲ. ಸಾವಿನ ಮನೆಯ ಮುಂದೆ ಅದು ಹಾಗೆ ಕೂಗಿದರೆ ಗತಿಯೇನು ಎಂದು ಹೆಂಗಸರು ಬೇರೆ ಗಾಡಿ ಹುಡುಕಿಕೊಂಡರು. ಬೆಂಚಿಗೆ ಕೋಳಿಗಳು ಮರಳಿದವು.

ಸೋಮವಾರ ಮಾತ್ರ ಕೆಲೆಬೊನ್ಯೆ ಮೌನ್ ಪಟ್ಟಣದಿಂದ ಹಿಟ್ಟಿನ ಮೂಟೆ ತರಲು ಬರುತ್ತಿದ್ದಳು. ಹೋಗುತ್ತ ಬರುತ್ತ ಹಿಡಿಕೆ ಹಿಡಿಯುತ್ತಿದ್ದಳು. ಮಾತು ಹೆಚ್ಚಿರಲಿಲ್ಲ. "ಹಳ್ಳ" ಎನ್ನುತ್ತಿದ್ದ ಬಾಲೊಪಿ. "ಕಂಡೆ" ಎನ್ನುತ್ತಿದ್ದಳು ಅವಳು. ಉಳಿದ ಆರು ದಿನ ಬಾಲೊಪಿ ಈ ಸಂಭಾಷಣೆಯನ್ನು ಮತ್ತೆ ಮತ್ತೆ ನೆನೆದು ಅದರಲ್ಲಿ ಹೊಸ ಹೊಸ ಅರ್ಥಗಳನ್ನು ಕಾಣುತ್ತಿದ್ದ.

ಇದನ್ನು ತ್ಲಾದಿಗೆ ಸಹಿಸಲಾಗಲಿಲ್ಲವೋ, ಅಥವಾ ನಿಜವಾಗಿಯೂ ಉಪಕಾರ ಮಾಡಬೇಕೆನಿಸಿತೋ, ಹೇಳುವುದು ಕಷ್ಟ. ಕತ್ತೆಗಾಡಿಯ ಅಚ್ಚು ಸರಿಮಾಡಿಸಲು ಕಿತ್ಸೊನಲ್ಲಿಗೆ ಹೋಗಿ ಬಂದವನು, ಒಂದು ಭಾನುವಾರ ಸಂಜೆ ಬೇಲಿಯ ಮೇಲೆ ಹತ್ತಿ ಇಡೀ ಕೇರಿಗೆ ಕೇಳುವಂತೆ ಕೂಗಿದ:

"ಏಯ್ ಬಾಲೊಪಿ! ದಡ್ಡಾ! ಕಿತ್ಸೊ ಹೊಟ್ಟೆ ಹಿಡ್ಕೊಂಡು ನಗ್ತಿದ್ದ! ಆ ಹಿಡಿಕೆ ಹಿಡಿಯೋದೇ ಬೇಕಿಲ್ವಂತೆ! ಮುಂದಿನ ಚಕ್ರದ ಬಿರಡೆ ಎರಡನ್ನ ತಿರುಗಿಸಿದ್ರೆ ಆಯ್ತಂತೆ, ಗಾಡಿ ಮೊದಲಿನ ಥರಾನೇ! ಅವತ್ತೂ ಅಷ್ಟು ಮಾಡಿದ್ರೆ ಸಾಕಿತ್ತಂತೆ!" ಆಚೆಯ ಅಂಗಳದಲ್ಲಿ ಒಲೆಯ ಮುಂದೆ ಹಿಟ್ಟು ಕಲಸುತ್ತಿದ್ದ ಕೆಲೆಬೊನ್ಯೆಯ ಕಡೆ ತಿರುಗಿ, "ನೀನೂ ಅಷ್ಟೇ ಕಣಕ್ಕಾ, ದಂಡಕ್ಕೆ ಜೋತಾಡ್ತಿದ್ದೀಯ. ಅವತ್ತು ಪಿಕಪ್ಪಲ್ಲಿ ಜಾಗ ಬೇಕಾದಷ್ಟಿದ್ರೂ ಹಟ ಮಾಡಿ ಇಳಿದ್ಯಲ್ಲ, ಆವಾಗ್ಲೇ ಅಂದ್ಕೊಂಡೆ" ಎಂದ.

ಕೆಲೆಬೊನ್ಯೆ ತಲೆ ಎತ್ತಲಿಲ್ಲ. ಹಿಟ್ಟನ್ನು ಮಾತ್ರ ಬಹಳ ಜೋರಾಗಿ ಕಲಸಿದಳು.

ಬಾಲೊಪಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ತ್ಲಾದಿಯ ಮಾತಿನ ಎರಡನೇ ಭಾಗ ಅವನ ಕಿವಿಗೆ ಬಿದ್ದಿರಲೇ ಇಲ್ಲ; ಮೊದಲ ಭಾಗವೇ ಕಿವಿಯನ್ನು ತುಂಬಿತ್ತು. ಬೆಳಿಗ್ಗೆ ಎದ್ದು ಎರಡೂ ಬಿರಡೆಗಳನ್ನು ತಿರುಗಿಸಿದ. ಗೊತ್ತಾದ ಮೇಲೂ ಒಬ್ಬ ಹೆಂಗಸಿನ ಕೈಯಲ್ಲಿ ಬಿಟ್ಟಿ ಹಿಡಿಕೆ ಹಿಡಿಸುವುದು ಮೋಸವಾದೀತು. ಬಿರಡೆ ಕಟಕ್ಕೆಂದು ಕಚ್ಚಿಕೊಂಡಿತು. ಇನ್ನು ಈ ಗಾಡಿಗೆ ಒಬ್ಬನೇ ಸಾಕು. ಅವಳು ಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳಲು ಅವನು ಬೆಂಚಿನ ತುದಿಯಲ್ಲಿ ಕೂತು ಕಾದ.

ಅವಳು ಬಂದಳು. ಕೈಯಲ್ಲಿ ಡಬ್ಬಿ. ಗಾಡಿಯ ಮುಂದೆ ನಿಂತು ಚಕ್ರವನ್ನು ನೋಡಿದಳು, ಆ ಕಡೆಗೆ ಹೋಗಿ ಇನ್ನೊಂದನ್ನೂ ನೋಡಿದಳು. ಹತ್ತಿ ಕೂತು, ಕಂಬಳಿ ಸರಿಮಾಡಿಕೊಂಡು, ಹಿಡಿಕೆಯನ್ನು ತನ್ನ ಕಡೆಗೆ ಎಳೆದು ಹಿಡಿದಳು.

"ಮ್ಮಾ," ಎಂದ ಬಾಲೊಪಿ, ಪ್ರಾಮಾಣಿಕತೆ ಅವನ ಜನ್ಮದ ಕಾಯಿಲೆ, "ಬಿರಡೆ ತಿರುಗಿಸಿದ್ದೀನಿ. ಇನ್ನು ಹಿಡಿಯೋದು ಬೇಕಾಗಿಲ್ಲ."

"ನೋಡ್ದೆ."

"ಮತ್ತೆ?"

"ನಿನ್ನ ಗಾಡಿ ಎತ್ತಿಹಾಕತ್ತೆ. ಏನನ್ನಾದ್ರೂ ಹಿಡೀಬೇಕಲ್ಲ. ನೀನು ರಸ್ತೆ ನೋಡು."

ಅವನು ರಸ್ತೆ ನೋಡಿದ. ಹಳೆಯ ಗೇಟು ಬಂತು. ಅವನ ನಂತರ ಕೆಲಸಕ್ಕೆ ಬಂದಿದ್ದ ನರೆಗೂದಲ ಮನುಷ್ಯ ತಗಡಿನ ಕೋಣೆಯಿಂದ ಹೊರಬಂದ. ಇಬ್ಬರೂ ಇಳಿದು ಒದ್ದೆ ಗೋಣಿಯ ಮೇಲೆ ಬೂಟು ಒತ್ತಿದರು.

"ಮಾಂಸ ಇದೆಯಾ?"

"ಇಲ್ಲ" ಎಂದಳು ಕೆಲೆಬೊನ್ಯೆ. ಡಬ್ಬಿಯಲ್ಲಿದ್ದದ್ದು ಕರಿದ ಉಂಡೆ.

ಗೇಟು ತೆರೆಯಿತು. ಬಾಲೊಪಿ ಗಾಡಿ ದಾಟಿಸಿದ. ಕನ್ನಡಿಯಲ್ಲಿ ಧೂಳು ಎದ್ದಿತು. ಧೂಳಿನೊಳಗೆ ಒಂದು ಕೈ ಮೇಲಕ್ಕೆದ್ದು ಹಾಗೆಯೇ ನಿಂತಿತ್ತು.

ಗಾಡಿ ನಿಂತಿತು. ಗೇಟಿನವನು ಗಾಬರಿಯಿಂದ ಓಡಿಬಂದ. "ಏನಾಯ್ತು ಮಾವ? ಗೇಟು ತೆಗೆದಿದ್ದೀನಲ್ಲ!"

"ಮತ್ತೆ ಹೋಗ್ತಿಲ್ವಾ?" ಎಂದಳು ಕೆಲೆಬೊನ್ಯೆ, ಹಿಡಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು.

"ಹೋಗತ್ತೆ" ಎಂದ ಬಾಲೊಪಿ. ಎಂಜಿನ್ ಆರಿಸಿ, ಉಂಡೆಯ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಬಾಗಿಲು ತೆರೆದ. "ಈ ಸಲ ನಾನೇ ನಿಲ್ಸಿದ್ದು."